ಗಾಜಿನ ಮೇಲಿನ ಕೆಂಪು ಧೂಳು

ಖಾನಾಪುರದಾಚೆಯ ಹಳ್ಳಿಯೊಂದರಲ್ಲಿ ಶಿವಲಿಂಗವ್ವ ಸರಕಾರಿ ನರ್ಸಾಗಿದ್ದಳು; ಎಲ್ಲರೂ ಅವಳನ್ನು 'ಬಾಯಾರ' ಎಂದೇ ಕರೆಯುತ್ತಿದ್ದರು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಬೆಳಗಾವಿಯಿಂದ ಲಸಿಕೆ ತರುವ ಬಸ್ಸು ದಾರಿಯಲ್ಲಿ ಕೆಟ್ಟರೆ ಡಬ್ಬಿಯ ಐಸು ಕರಗಿ ಲಸಿಕೆ ಹಾಳಾಗುತ್ತಿತ್ತು. ೧೯೮೬ರಲ್ಲಿ ದವಾಖಾನೆಯ ಮಾಳಿಗೆಯ ಮೇಲೆ ಸೋಲಾರ್ ಫಲಕ ಕೂರಿಸಿ ಒಳಗೆ ಫ್ರಿಜ್ ಇಟ್ಟಾಗ, ಅವಳು ಊರಿನ ತಾಯಂದಿರನ್ನೆಲ್ಲ ಕರೆದು ತೋರಿಸಿದಳು.

ಮಳೆಗಾಲದಲ್ಲಿ ಫಲಕ ಸ್ವಚ್ಛವಾಗಿರುತ್ತಿತ್ತು, ಬಿಸಿಲಿರುತ್ತಿರಲಿಲ್ಲ. ಬಿಸಿಲು ಬಂತೆಂದರೆ ಬಾಜುವಿನ ಹಂಚಿನ ಭಟ್ಟಿ ಶುರುವಾಗುತ್ತಿತ್ತು. ಕೆಂಪು ಧೂಳು, ಹೊಗೆಯ ಮಸಿ ಇಬ್ಬನಿಯಲ್ಲಿ ಕಲಸಿ, ಬಿಸಿಲಿಗೆ ಒಣಗಿ, ಗಾಜಿನ ಮೇಲೆ ಹಕ್ಕಳೆಯಂತೆ ಗಟ್ಟಿಯಾಗುತ್ತಿತ್ತು. ಬ್ಯಾಟರಿ ತುಂಬುತ್ತಿರಲಿಲ್ಲ.

ಅವಳ ಗಂಡ ಗುರುಪಾದಪ್ಪ ಅದೇ ಭಟ್ಟಿಗೆ ಉರಿ ಹಾಕುವವನು.

"ಸ್ವಲ್ಪ ದಿನ ಭಟ್ಟಿ ಬಂದ್ ಇಡಾಕ ಮಾಲಕರಿಗೆ ಹೇಳ್ರಿ," ಎಂದಳು.

"ಹೇಳೇನಿ. ಅರ್ಧ ಊರು ಇದರ ಮ್ಯಾಲ ಉಣ್ತೈತಿ ಅಂದ್ರು. ಖರೇನ ಐತಲ್ಲ?"

ಅವಳೇ ದಿನಾ ಏಣಿ ಹತ್ತಿ ಫಲಕ ಒರೆಸತೊಡಗಿದಳು. ಬರೀ ನೀರಿಗೆ ಹಕ್ಕಳೆ ಬಿಡದಾದಾಗ, ಪಾತ್ರೆ ತಿಕ್ಕುವ ಬೂದಿ, ತೆಂಗಿನ ನಾರು ಹಿಡಿದು ಉಜ್ಜಿದಳು. ಗಾಜು ಕಂಡಿತು. ಚಳಿಗಾಲವಿಡೀ ಹಾಗೆಯೇ ಉಜ್ಜಿದಳು.

ಆದರೆ ಸುಡುವ ಬಿಸಿಲಿನಲ್ಲೂ ಫ್ರಿಜ್ ತಣ್ಣಗಾಗಲಿಲ್ಲ. ಬೆಳಗಾವಿಯಿಂದ ಬಂದ ಮೆಕ್ಯಾನಿಕ್ ನಾಗಲಿಂಗ ಗಾಜಿನ ಮೇಲೆ ಬೆರಳಾಡಿಸಿದ.

"ಬಾಯಾರ, ತುಂಬ ಗೀರು ಬಿದ್ದಾವ್ರಿ. ಬೆಳಕು ಒಳಗ ಇಳಿಯಾಂಗಿಲ್ಲ."

"ಧೂಳ ತಗದೀನ್ರೀ..."

"ತಗದೀರಿ, ಖರೇ. ಇನ್ ಮ್ಯಾಲ ಆ ಗೀರಿನ್ಯಾಗನ ಧೂಳು ಕುಂದರತೈತಿ."

ಹೊಸ ಫಲಕ ಕಳಿಸುವುದಾಗಿ ಹೇಳಿ ಅವನು ಹೋದ. ಫಲಕ ಬರಲಿಲ್ಲ. ಬೆಚ್ಚಗಾದ ಲಸಿಕೆಯನ್ನು ಶಿವಲಿಂಗವ್ವ ಗುಂಡಿ ತೋಡಿ ಮುಚ್ಚಿದ ದಿನವೇ, ಕಾಡಂಚಿನ ಬಾಳವ್ವ ದಡಾರದ ಲಸಿಕೆ ಹಾಕಿಸಲು ಕೂಸನ್ನೆತ್ತಿಕೊಂಡು ನಡೆದು ಬಂದಳು.

"ಮುಂದಿನ ತಿಂಗಳ ಬಾ ಅವ್ವಾ," ಎಂದು ಶಿವಲಿಂಗವ್ವ ಕಳಿಸಿದಳು. ಮುಂದಿನ ತಿಂಗಳೂ ಲಸಿಕೆಯಿರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಊರಿಗೆ ದಡಾರ ಬಂತು. ಬಾಳವ್ವನ ಕೂಸು ಉಳಿಯಲಿಲ್ಲ.

ಶಿವಲಿಂಗವ್ವ ಅವಳ ಮನೆಗೆ ಹೋದಳು. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದಳು. ಬಾಳವ್ವ ಚಾಪೆ ಹಾಸಿ, ನೀರು ಕೊಟ್ಟಳು.

"ನೀವರ ಏನ್ ಮಾಡ್ತೀರಿ ಬಾಯಾರ," ಎಂದಳು.

ಗಾಜಿಗೆ ಗೀರು ಬಿದ್ದದ್ದು ಯಾರ ಕೈಯಿಂದ ಎಂದು ಬಾಳವ್ವನಿಗೆ ಗೊತ್ತಿರಲಿಲ್ಲ; ಶಿವಲಿಂಗವ್ವ ನೀರನ್ನು ಹಾಗೇ ಕೆಳಗಿಟ್ಟು ಎದ್ದು ಬಂದಳು. ದವಾಖಾನೆಯ ಫ್ರಿಜ್‌ನಲ್ಲಿ ಈಗ ಹತ್ತಿ, ಬ್ಯಾಂಡೇಜು ಇಟ್ಟಿದ್ದರು. ಅವಳು ಬೇರೆ ಊರಿಗೆ ವರ್ಗ ಕೇಳಿದಳು, ಸಿಗಲಿಲ್ಲ. ಬಾಳವ್ವನ ಮನೆಯ ಮುಂದಿನ ದಾರಿ ಬಿಟ್ಟು, ಗದ್ದೆಯ ಬದುವಿನ ಮೇಲೆ ಸುತ್ತುಹಾಕಿ ಹೋಗುವುದನ್ನು ರೂಢಿ ಮಾಡಿಕೊಂಡಳು.