ಸ್ಟೇಶನ್ನಿನ ಕೆಂಪು ಡಬ್ಬಿಗೆ ಬಿದ್ದ ಕಾಗದ

ಆಗ ನಮ್ಮ ಕಲಬುರಗಿಯಲ್ಲಿ ಟಪಾಲಿನ ಡಬ್ಬಿಗಳು ಎರಡು ಬಗೆಯವು. ನಿಜಾಮ ಸರ್ಕಾರದ್ದು ಪೇಟೆಯಲ್ಲಿ, ಇಂಗ್ರೇಜಿ ಸರ್ಕಾರದ ಕೆಂಪು ಡಬ್ಬಿ ಸ್ಟೇಶನ್ನಿನಲ್ಲಿ. ಬೀದರ, ಹೈದರಾಬಾದಿನ ಕಾಗದಕ್ಕೆ ಉರ್ದು ಮುದ್ರೆಯ ಟಿಕೀಟು ಹಚ್ಚಬೇಕು. ಸೊಲ್ಲಾಪುರ, ಪುಣೆಯ ಕಾಗದಕ್ಕೆ ರಾಜನ ತಲೆಯಿರುವ ಟಿಕೀಟು. ಅದಲು ಬದಲಾದರೆ ಕಾಗದ ಬೈರಂಗ ಆಗುತ್ತಿತ್ತು. ಅಂದರೆ ಟಿಕೀಟೇ ಹಚ್ಚಿಲ್ಲವೆಂದು ಹಿಡಿದು, ಪಡೆಯುವವರ ಕೈಯಿಂದ ದಂಡ ವಸೂಲಿ ಮಾಡುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ತಪ್ಪಿದೆ.

ಆ ದಿನ ಬೆಳಿಗ್ಗೆ ಕಮಲಾಪುರದಿಂದ ನಮ್ಮಪ್ಪ ಬಂದಿದ್ದ. ರಾತ್ರಿಯೆಲ್ಲ ಎತ್ತಿನ ಗಾಡಿಯಲ್ಲಿ ಕೂತು ಬಂದವನು ಸೊಂಟ ಹಿಡಿದುಕೊಂಡೇ ಇಳಿದ. ತಂದ ಕೆಂಪು ಬಾಳೆಯ ಗೊನೆಯಲ್ಲಿ ಅರ್ಧ ನಿಜಾಮರ ರಸ್ತೆಯ ಗುಂಡಿಗಳಿಗೆ ಜಜ್ಜಿಹೋಗಿತ್ತು. ಸೊಲ್ಲಾಪುರದ ಕಡೆ ಇಂಗ್ರೇಜರು ಮಾಡಿದ ರಸ್ತೆಯ ಮೇಲೆ ತತ್ತಿ ಇಟ್ಟು ಗಾಡಿ ಹೊಡೆದರೂ ಒಡೆಯುವುದಿಲ್ಲವೆಂದು ಅಪ್ಪ ಹೇಳಿದ. ನಮ್ಮತ್ತೆಗೆ ಆ ಮಾತು ಸೇರಲಿಲ್ಲ. ನಿಜಾಮರ ಸರ್ಕಾರ ನಮ್ಮದು, ತಡವಾದರೂ ನಮ್ಮ ಮಾತು ಕೇಳುತ್ತದೆ; ಸಮುದ್ರದಾಚೆ ಕೂತ ರಾಜನಿಗೆ ನಮ್ಮ ಬಾಳೆಹಣ್ಣಿನ ಚಿಂತೆ ಏನು ಎಂದರು. ಬೀಗರು ಇಬ್ಬರೂ ರೊಟ್ಟಿ ಮುಗಿಯುವವರೆಗೆ ಎರಡು ಸರ್ಕಾರಗಳನ್ನೂ ತೂಗಿದರು.

ಅಪ್ಪ ಬಂದದ್ದು ನನ್ನ ತಂಗಿಯ ಮದುವೆಯ ಕೆಲಸಕ್ಕೆ. ಸೊಲ್ಲಾಪುರದ ಒಳ್ಳೆಯ ಮನೆತನ, ಲಿಂಗಪೂಜೆ ಬಿಡದ ಹುಡುಗ. ಆದರೆ ಹುಡುಗನ ದೊಡ್ಡಪ್ಪ ಬಿಗಿಯ ಮನುಷ್ಯ. ಬರುವ ಸೋಮವಾರದೊಳಗೆ ಒಪ್ಪಿಗೆಯ ಕಾಗದ ಕೈಸೇರದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು. ಒಮ್ಮೆ ಸ್ವಂತ ಅಳಿಯನ ಬೈರಂಗ ಕಾಗದವನ್ನೇ ಮುಟ್ಟದೆ ಹಿಂದಕ್ಕೆ ಕಳಿಸಿದವರಂತೆ ಅವರು.

ಅಪ್ಪನಿಗೆ ಬರೆಯಲು ಬಾರದು. ನಮ್ಮ ಯಜಮಾನರು ಕಚೇರಿಯ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದರು. ಕಮಲಾಪುರದ ಮಠದ ಅಯ್ಯನವರು ನನಗೆ ನಾಲ್ಕಕ್ಷರ ಕಲಿಸಿದ್ದರು, ಅದು ಶಿವನ ಕರುಣೆ. ನಾನೇ ಬರೆದೆ. ನಾಲ್ಕು ಮೂಲೆಗೆ ಕುಂಕುಮ ಹಚ್ಚಿದೆ. ಎರಡೂ ಬಗೆಯ ಟಿಕೀಟು ಇಡುವ ಪೆಟ್ಟಿಗೆಯಿಂದ ಒಂದನ್ನು ತೆಗೆದು ನಾಲಿಗೆಗೆ ಒಯ್ಯುವಷ್ಟರಲ್ಲಿ ಅತ್ತೆ ಕೈ ಹಿಡಿದರು.

"ಲಗ್ನದ ಕಾಗದಕ್ಕ ಎಂಜಲ ಹಚ್ತೀಯೇನ? ನೀರ ಹಚ್ಚು."

ನೀರು ತರಲು ಓಡಿದೆ. ಆ ಗಡಿಬಿಡಿಯಲ್ಲಿ ಯಾವ ಟಿಕೀಟು ಎಂದು ನೋಡಲೇ ಇಲ್ಲ. ಕಾಗದವನ್ನು ಸ್ಟೇಶನ್ನಿನ ಡಬ್ಬಿಗೆ ಹಾಕಿ ಹಾಗೇ ಊರ ದಾರಿ ಹಿಡಿಯುತ್ತೇನೆಂದು ಅಪ್ಪ ಹೊರಟುಹೋದ.

ಮಧ್ಯಾಹ್ನ ಪೆಟ್ಟಿಗೆ ಒಳಗಿಡಲು ಹೋದರೆ ತಳದಲ್ಲಿ ರಾಜನ ತಲೆ ನನ್ನನ್ನೇ ನೋಡುತ್ತಿತ್ತು. ಕಾಗದಕ್ಕೆ ಹಚ್ಚಿ ಕಳಿಸಿದ್ದು ನಿಜಾಮರ ಟಿಕೀಟು.

ಅತ್ತೆ ಬೈಯಲಿಲ್ಲ. ಅದೂ ಒಂದು ಕರುಣೆಯೇ. ಮೇಲ್ ಗಾಡಿ ಎಷ್ಟಕ್ಕೆ ಎಂದಷ್ಟೇ ಕೇಳಿದರು. ಪಕ್ಕದ ಮನೆಯ ಖಾಲಾಳ ಗಂಡ ಸ್ಟೇಶನ್ನಿನಲ್ಲಿ ಹಮಾಲ. ಗಾಡಿಯ ವೇಳೆಯೆಲ್ಲ ಆಕೆಗೆ ಬಾಯಿಪಾಠ. ಆಕೆ ಗೋಡೆಯ ಆಚೆಯಿಂದಲೇ, ಇನ್ನೂ ವೇಳೆ ಇದೆ, ನನ್ನ ತಮ್ಮನ ಟಾಂಗಾ ಬಾಗಿಲಲ್ಲೇ ನಿಂತಿದೆ ಎಂದು ಕೂಗಿದಳು. ನಾನು ರಾಜನ ಟಿಕೀಟನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡೆ. ಅತ್ತೆ ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಜಜ್ಜದ ನಾಲ್ಕು ಬಾಳೆಹಣ್ಣು ಹಿಡಿದರು. ಪರದೆ ಕಟ್ಟಿದ ಟಾಂಗಾದಲ್ಲಿ ಖಾಲಾಳೂ ಸೇರಿ ಮೂವರೂ ಕೂತೆವು.

ನಿಜ ಹೇಳಬೇಕೆಂದರೆ, ಭಯದ ಜೊತೆಗೆ ನನಗೆ ಖುಷಿಯೂ ಆಗಿತ್ತು. ಮದುವೆಯಾಗಿ ಬಂದ ಮೇಲೆ ಹಗಲಿನಲ್ಲಿ ಸ್ಟೇಶನ್ ಬಜಾರ ನೋಡಿದ್ದೇ ಇಲ್ಲ. ಪರದೆಯ ಸಂದಿಯಿಂದ ಬಟ್ಟೆಯ ಅಂಗಡಿ, ಹೂವಿನವರು, ಕುದುರೆಗಳು ಸರಿದು ಹೋಗುತ್ತಿದ್ದವು. ಅತ್ತೆಯೂ ಸಂದಿಗೆ ಕಣ್ಣು ಹಚ್ಚಿದ್ದರು.

ಊರು ನಿಜಾಮರದು, ರೈಲು ಹಳಿ ಇರುವ ನೆಲ ಇಂಗ್ರೇಜರದು ಎಂದು ಟಾಂಗಾದವನು ವಿವರಿಸಿದ. ಆ ಗಡಿಯೊಳಗೆ ಕಳ್ಳ ಓಡಿಹೋದರೆ ಈಚೆಯ ಪೊಲೀಸರು ಆಚೆಯವರನ್ನು ಕೇಳಬೇಕಂತೆ.

"ಹಂಗಾದ್ರ ನಮ್ಮ ಕಾಗದ ಪರದೇಶಕ್ಕ ಹೋಗ್ಯದ ಅನ್ನು" ಎಂದರು ಅತ್ತೆ.

"ಹೌದ್ರಿ ಅವ್ವಾ. ವಿಲಾಯತಿ ರಾಜಾನ ಕೈಯಾಗ ಅದ."

"ಆ ರಾಜಾ ನಮ್ಮ ಸ್ಟೇಶನ್ ಒಮ್ಮಿಯಾರ ನೋಡ್ಯಾನೇನೋ?"

"ನೋಡದಿದ್ರೂ ಗಾಡಿ ವೇಳ್ಯಾಕ್ಕ ಬರ್ತದಲ್ಲ ಆಪಾ" ಎಂದಳು ಖಾಲಾ. ಗಂಡ ರೈಲಿನ ಉಪ್ಪು ತಿಂದ ಋಣ ಆಕೆಗೆ.

ವೇಳೆಗೆ ಬರುವ ಗಾಡಿ ಇವತ್ತೊಂದು ದಿನ ತಡವಾಗಲಿ ಎಂದು ನಾನು ಒಳಗೇ ಶಿವನನ್ನು ಬೇಡಿದೆ.

ಸ್ಟೇಶನ್ನಿನ ಟಪಾಲು ಖೋಲಿಯಲ್ಲಿ ಕನ್ನಡಕದ ಬಾಬು ಒಬ್ಬನು ಡಬ್ಬಿಯ ಕಾಗದಗಳನ್ನೆಲ್ಲ ಮೇಜಿನ ಮೇಲೆ ಸುರಿದು ಚೀಲಕ್ಕೆ ತುಂಬುತ್ತಿದ್ದ. ಅತ್ತೆ ಕಿಟಕಿಯ ಬಳಿ ನಿಂತು ವಿಷಯ ಹೇಳಿದರು. ಅವನು ತಲೆಯೆತ್ತಲಿಲ್ಲ. ಡಬ್ಬಿಗೆ ಬಿದ್ದ ಕಾಗದ ಸರ್ಕಾರದ ಕೈಸೇರಿದ ಹಾಗೆ, ಕೇಳಿದವರಿಗೆಲ್ಲ ಕೊಡುತ್ತ ಕೂತರೆ ಯಾರ ಕಾಗದ ಯಾರ ಪಾಲಾದೀತು ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಅಳು ತಂದಿತು. ಬರೆದ ಗಂಡಸರು ಬಂದು ಅದೇ ಅಕ್ಷರದಲ್ಲಿ ಅರ್ಜಿ ಕೊಟ್ಟರೆ ಮಾತ್ರ ನೋಡಬಹುದು ಎಂದು ಕೊನೆಗೆ ಹೇಳಿದ.

"ಬರ್ದಾಕಿ ಈಕಿನ" ಎಂದು ಅತ್ತೆ ನನ್ನನ್ನು ಮುಂದಕ್ಕೆ ನೂಕಿದರು.

ಈಗ ಅವನು ತಲೆಯೆತ್ತಿದ. ನಗು ಬಂದಿರಬೇಕು, ಮೀಸೆ ಅಲುಗಿತು. ಒಂದು ಕಾಗದ, ಟಾಕು, ಮಸಿ ಸರಿಸಿ ಮೇಲಿನ ವಿಳಾಸ ಇದ್ದ ಹಾಗೇ ಬರೆ ಎಂದ.

ಪರ ಗಂಡಸಿನ ಮುಂದೆ ನಾನೆಂದೂ ಟಾಕು ಹಿಡಿದವಳಲ್ಲ. ಶಿವನನ್ನು ನೆನೆದು ಬರೆದೆ. ನನ್ನ ಅಕ್ಷರದ ಕೊಂಬುಗಳ ಬಾಲಗಳು ಯಾವಾಗಲೂ ಸಾಲು ದಾಟಿ ಕೆಳಗೆ ಇಳಿಯುತ್ತಿದ್ದವು. ಅದಕ್ಕಾಗಿ ಮಠದ ಅಯ್ಯನವರಿಂದ ಎಷ್ಟೋ ಏಟು ತಿಂದಿದ್ದೆ. ಅಂದೂ ಅವು ಹಾಗೇ ಇಳಿದವು. ಬಾಬು ರಾಶಿಯಲ್ಲಿ ಕೈಯಾಡಿಸಿ ಕುಂಕುಮದ ಮೂಲೆಯ ನನ್ನ ಕಾಗದ ಎಳೆದ. ಎರಡನ್ನೂ ಪಕ್ಕಪಕ್ಕ ಇಟ್ಟ. ಬಾಲಕ್ಕೆ ಬಾಲ ಕೂಡಿತು.

"ನಿಮ್ಮದೇ ಅದ, ಅಕ್ಕಾರ" ಎಂದ. ಈ ಸಲ ದನಿ ಬೇರೆಯಿತ್ತು.

ಅಷ್ಟರಲ್ಲಿ ದೂರದಲ್ಲಿ ಗಾಡಿ ಕೂಗಿತು. ನಾನು ಹಲ್ಲಿನಿಂದ ಸೆರಗಿನ ಗಂಟು ಬಿಚ್ಚಿ ಟಿಕೀಟು ಕೊಟ್ಟೆ. ಅವನು ಅವಸರದಲ್ಲಿ ನಾಲಿಗೆ ಹೊರಗೆ ಚಾಚಿದ.

"ತಡೀರಿ! ಎಂಜಲ ಮಾಡಬ್ಯಾಡ್ರಿ" ಎಂದು ಅತ್ತೆ ಕಿಟಕಿಯ ಕಂಬಿಯೊಳಗಿಂದ ತಂಬಿಗೆಯನ್ನೇ ತೂರಿಸಿದರು. ನಾಲಿಗೆ ಚಾಚಿಕೊಂಡೇ ಬಾಬು ನಿಂತುಬಿಟ್ಟ. ಗಾಡಿ ಬಂದು ನೆಲವೆಲ್ಲ ನಡುಗುತ್ತಿತ್ತು. ಅವನು ಬೆರಳು ನೀರಿಗೆ ಅದ್ದಿದ, ರಾಜನ ಬೆನ್ನಿಗೆ ಒರೆಸಿದ, ನಿಜಾಮರ ಟಿಕೀಟಿನ ಪಕ್ಕದಲ್ಲೇ ಒತ್ತಿದ, ಉಳಿದ ಕಾಗದಗಳ ಜೊತೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಓಡಿದ. ಚೀಲ ರೈಲಿನೊಳಗೆ ಹೋದದ್ದನ್ನು ಮೂವರೂ ಕಣ್ಣಾರೆ ನೋಡಿದೆವು. ಖಾಲಾ ನನ್ನ ತೋಳು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆಯೊಂದು ಒಡೆದೇ ಹೋಯಿತು. ಒಂದೇ ಬಳೆ ಹೋದದ್ದು, ಅದೂ ಕರುಣೆ.

ಬಾಬು ಬೆವರು ಒರೆಸಿಕೊಳ್ಳುತ್ತ ಮರಳಿದಾಗ ಅತ್ತೆ ನಾಲ್ಕೂ ಬಾಳೆಹಣ್ಣು ಕಿಟಕಿಯಲ್ಲಿಟ್ಟರು. ಇಂಗ್ರೇಜರಲ್ಲಿ ಕಾಯಿದೆ ಕಟ್ಟುನಿಟ್ಟು, ಆದರೆ ಕಾಯಿದೆಗೂ ಕಣ್ಣಿದೆ ಎಂದು ಟಾಂಗಾದಲ್ಲಿ ಒಪ್ಪಿಕೊಂಡರು. ಕಮಲಾಪುರದ ರಸ್ತೆಯ ಬಗ್ಗೆ ಮಾತ್ರ ಅಪ್ಪನ ಮಾತು ಕೊನೆಯವರೆಗೂ ಒಪ್ಪಲಿಲ್ಲ.

ಮರುವಾರ ಸೊಲ್ಲಾಪುರದ ಉತ್ತರ ಬಂತು. ಅರಿಶಿಣ ಹಚ್ಚಿದ ಮೂಲೆ ಕಂಡೊಡನೆ ನನ್ನ ಕಣ್ಣು ತುಂಬಿತು. ಓದಿ ಹೇಳುತ್ತೇನೆಂದು ಬಿಚ್ಚಲು ಹೋದೆ. ಅತ್ತೆ ಅದನ್ನು ಕಸಿದುಕೊಂಡು ಬೆಳಕಿಗೆ ಹಿಡಿದು, ರಾಜನ ತಲೆಯನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದರು.

"ಮದಲ ಇದನ್ನ ಹೇಳು. ಅವ್ರು ನೀರ ಹಚ್ಚ್ಯಾರೋ, ಎಂಜಲ ಹಚ್ಚ್ಯಾರೋ?"