ಜೋಳವನ್ನು ಹಕ್ಕಿಗೆ ಹಾಕುವ ಊರಿನಲ್ಲಿ

"ಯಾರಿಗಿ ಜಡ್ಡಾಗೇತ್ರಿ?"

ಈ ಸೀಮೆಯಲ್ಲಿ ನಾನು ಆಡಿದ ಮೊದಲ ಮಾತು ಇದು. ಆಗುಂಬೆ ಘಾಟಿ ಇಳಿದು, ಕಾರ್ಕಳದ ಮೇಲೆ ಬಂದು, ಕಟಪಾಡಿಯಲ್ಲಿ ಕಾಪುವಿನ ಬಸ್ಸಿಗೆ ಕಾಯುತ್ತ ಗಂಡ ಹೆಂಡತಿ ಇಬ್ಬರೂ ಒಂದು ಹೋಟೆಲಿಗೆ ಹೋಗಿದ್ದೆವು. ಹೋಟೆಲಿನವ ಒಂದು ಬಟ್ಟಲನ್ನು ನನ್ನ ಮುಂದೆ ಇಟ್ಟು ಹೋದ. ಅದರಲ್ಲಿ ಮಬ್ಬು ನೀರು, ನೀರಿನಡಿ ದಪ್ಪ ದಪ್ಪ ಕೆಂಪು ಅಕ್ಕಿ, ಮೇಲೊಂದು ಮಿಡಿ ಉಪ್ಪಿನಕಾಯಿ. ನಮ್ಮ ಧಾರವಾಡದ ಕಡೆ ಗಂಜಿ ಎಂದರೆ ಜ್ವರ ಬಂದು ಮಲಗಿದವರಿಗೆ ಕುಡಿಸುವ ಪದಾರ್ಥ. ಅದಕ್ಕೇ ಹಾಗೆ ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಯಾರಿಗೂ ಎಂತದೂ ಆಗಲಿಲ್ಲ. ಇದು ಊಟ" ಎಂದ. ಸುತ್ತ ಕೂತ ಗಟ್ಟಿಮುಟ್ಟಾದ ಗಂಡಸರೆಲ್ಲ ಅದನ್ನೇ ಸುರ್ ಎಂದು ಎಳೆಯುತ್ತಿದ್ದರು. ಊರಿಗೆ ಊರೇ ಕಾಯಿಲೆ ಬಿದ್ದಿದೆ ಎಂದುಕೊಂಡೆ.

ಈಗ ನಮ್ಮ ಕಡೆಯ ಹುಡುಗರು ಕಡಲು ನೋಡಲು ಬಂದಾಗ ನನ್ನ ಮನೆಗೂ ಬರುತ್ತಾರೆ. ಅದೇ ಗಂಜಿಯನ್ನು ಹೋಟೆಲಿನವರು ಕಂಚಿನ ಬಟ್ಟಲಲ್ಲಿ ಹಾಕಿಕೊಟ್ಟರೆ ಕಣ್ಣು ಮುಚ್ಚಿ ಚಪ್ಪರಿಸಿ, "ಅಜ್ಜಿ, ಆ ಕಾಲದ ಊಟ ಎಂಥಾ ಚಲೋ ಇತ್ತು, ಬರೀರಿ" ಎನ್ನುತ್ತಾರೆ. ಇಂಥವರನ್ನು ಒಂದು ಆಷಾಢ ಪೂರ್ತಿ ಐವತ್ತರ ದಶಕದ ಕಾಪುವಿನಲ್ಲಿ ಕೂಡಿಹಾಕಬೇಕಿತ್ತು. ಆಮೇಲೆ ಬಾಯಿ ಚಪ್ಪರಿಸುವುದನ್ನು ನೋಡುತ್ತಿದ್ದೆ. ಬರೆಯಿರಿ ಎಂದಿದ್ದಾರೆ, ಬರೆಯುತ್ತೇನೆ. ಅಮೃತ ಎಂದು ಮಾತ್ರ ಬರೆಯುವವಳಲ್ಲ.

ರಾಜ್ಯ ಒಂದಾದ ಹೊಸತು. ನಮ್ಮ ಮನೆಯವರು ಸರಕಾರದಲ್ಲಿ ಗುಮಾಸ್ತರು. ಮೀನನ್ನು ಚಿತ್ರದಲ್ಲಿ ಮಾತ್ರ ಕಂಡಿದ್ದ ಮನುಷ್ಯನನ್ನು ಹುಡುಕಿ ತಂದು ಮೀನಿನ ಇಲಾಖೆಗೆ ಹಾಕಿ, ಕಡಲತಡಿಗೆ ಕಳಿಸಿದ ಸರಕಾರದ ಬುದ್ಧಿಯನ್ನು ಏನೆಂದು ಹೊಗಳಲಿ! ದೀಪಸ್ತಂಭಕ್ಕೆ ಹೋಗುವ ದಾರಿಯಲ್ಲಿ ಸಿಸಿಲಿಯಾ ಬಾಯಮ್ಮನ ಹಂಚಿನ ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ಇಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುತ್ತಾರೆ. ಆಕೆಯ ಗಂಡ ತೀರಿಕೊಂಡಿದ್ದ, ಒಬ್ಬನೇ ಮಗ ಬೊಂಬಾಯಿಯಲ್ಲಿದ್ದ. ನಾವು ಲಿಂಗ ಕಟ್ಟಿದವರು, ಆಕೆಯ ಒಲೆಯ ಮೇಲೆ ಬೆಂದದ್ದನ್ನು ಮುಟ್ಟುವವರಲ್ಲ. ಮೊದಲ ದಿನವೇ ಮುಖದ ಮೇಲೆ ಹೇಳಿಬಿಟ್ಟೆ. ಬಾಯಮ್ಮ ಸಿಟ್ಟಾಗಲಿಲ್ಲ.

"ಗೊತ್ತುಂಟು. ಬೇಯಿಸದ್ದನ್ನು ಕೊಡಬಹುದು ಅಲ್ವಾ?" ಎಂದಷ್ಟೇ ಕೇಳಿದಳು.

ಅಂದಿನಿಂದ ನಮ್ಮ ಜಗಲಿಯ ಮೇಲೆ ತೆಂಗಿನಕಾಯಿ, ಬಾಳೆಕಾಯಿ, ಹಲಸಿನಕಾಯಿ ಬಂದು ಬೀಳತೊಡಗಿದವು. ಬಸಳೆಯೂ ಬರುತ್ತಿತ್ತು. ಆ ಲೋಳೆ ಸೊಪ್ಪನ್ನು ಇಲ್ಲಿಯವರು ಮದುವೆಯ ಊಟದ ಹಾಗೆ ಉಣ್ಣುತ್ತಾರೆ. ಇನ್ನು ತೆಂಗಿನಕಾಯಿಯ ವಿಷಯ ಕೇಳಲೇಬೇಡಿ. ಸಾರಿಗೆ, ಪಲ್ಯಕ್ಕೆ, ದೋಸೆಗೆ, ತಲೆಗೆ ಎಲ್ಲಕ್ಕೂ ಅದೇ. ಶೇಂಗಾ ಚಟ್ನಿಪುಡಿ ಎಂದರೆ ಇವರಿಗೆ ಔಷಧಿಯ ಹೆಸರು.

ಬರುವಾಗ ತಂದಿದ್ದ ಜೋಳದ ಹಿಟ್ಟು ಮುಗಿದ ಮೇಲೆ ಕಟಪಾಡಿಯ ಅಂಗಡಿಗೆ ಹೋಗಿ ಜೋಳ ಕೇಳಿದೆ. ಅಂಗಡಿಯವ ಒಳಗೆಲ್ಲೋ ಹುಡುಕಿ ಬೊಗಸೆಯಷ್ಟು ತಂದು ತೋರಿಸಿದ. "ಹಕ್ಕಿ ಸಾಕಿದ್ದೀರಾ? ಎಂತ ಹಕ್ಕಿ?" ಎಂದ. ಮೈಯೆಲ್ಲ ಉರಿದುಹೋಯಿತು. ನಮ್ಮ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಉಂಡು ಬೆಳೆದ ಧಾನ್ಯವನ್ನು ಈತ ಗಿಳಿಗೆ ಹಾಕುತ್ತಾನಂತೆ! ಊರಿಂದ ತರಿಸಿದ ಚೀಲವಾದರೂ ಉಳಿಯಿತೇ? ಮಳೆಗಾಲದ ತೇವಕ್ಕೆ ಹಿಟ್ಟು ಮುಗ್ಗಿ ಕಹಿಯಾಗಿ, ತಟ್ಟಿದ ರೊಟ್ಟಿ ಹೆಂಚಿನ ಮೇಲೆ ಸತ್ತು ಮಲಗುತ್ತಿತ್ತು. ಕಟ್ಟಿಗೆ ಹಸಿ, ಒಲೆ ಹೊಗೆ, ಒಗೆದ ಸೀರೆ ವಾರವಾದರೂ ಒಣಗದು. ಮಳೆಯೂ ಕಡಲೂ ಒಟ್ಟಿಗೆ ಬೊಬ್ಬೆ ಹೊಡೆಯುವಾಗ ನಾನು ಅಡುಗೆಮನೆಯಲ್ಲಿ ಕೂತು ಜೋರಾಗಿಯೇ ಅತ್ತಿದ್ದೇನೆ. ಪಕ್ಕದ ಭಾಗಕ್ಕೂ ಕೇಳುತ್ತಿರಲಿಲ್ಲ, ಅದೊಂದು ಅನುಕೂಲ.

ಉಡುಪಿಯ ದೋಸೆಯಾದರೂ ಇತ್ತಲ್ಲ ಎನ್ನುತ್ತೀರಿ. ಧಾರವಾಡದಲ್ಲಿ ಉಡುಪಿ ಹೋಟೆಲೆಂದರೆ ಬಾಯಲ್ಲಿ ನೀರೂರುತ್ತಿತ್ತು. ಇಲ್ಲಿ ಮನೆಮನೆಯಲ್ಲೂ ದಿನಾ ಮಸಾಲೆದೋಸೆ ಹೊಯ್ಯುತ್ತಾರೆಂದು ನಂಬಿ ಬಂದವಳು ನಾನು. ಬಂದು ನೋಡಿದರೆ ಒಳ್ಳೊಳ್ಳೆಯ ಭಟ್ಟರೆಲ್ಲ ದೋಸೆಕಾವಲಿ ಹೊತ್ತು ಊರು ಬಿಟ್ಟು ಹೋಗಿದ್ದಾರೆ, ಉಳಿದವರು ಗಂಜಿ ಕುಡಿಯುತ್ತಿದ್ದಾರೆ. ಒಂದು ಭಾನುವಾರ ಉಡುಪಿಗೇ ಹೋಗಿ ತಿಂದೆವು. ಚೆನ್ನಾಗಿತ್ತು ಎಂದು ನಮ್ಮ ಮನೆಯವರು ಹೇಳಿದರು. ನಾನು ಹೇಳಲಿಲ್ಲ.

ಮಾತು ಕೇಳಿದರಂತೂ ನಗು ಬರುತ್ತಿತ್ತು. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಜನ, ನಮ್ಮ ಹತ್ತಿರ ಕನ್ನಡ ಆಡುವಾಗ ಸೊಪ್ಪು ಮಾರುವವಳೂ ಪಠ್ಯಪುಸ್ತಕ ಓದಿದಂತೆ ಆಡುತ್ತಿದ್ದಳು. ಅವರಿಗೋ ನನ್ನ ಮಾತು ಜಗಳದ ಹಾಗೆ ಕೇಳಿಸುತ್ತಿತ್ತಂತೆ. ಎಷ್ಟೋ ಸಲ ಅದು ಜಗಳವೇ ಆಗಿತ್ತು.

ಮನರಂಜನೆಯ ಕತೆಯೂ ಇಷ್ಟೇ. ಹಾರ್ಮೋನಿಯಂ ಮೊಳಗಿಸುವ ನಾಟಕ ಕಂಪನಿಗಳನ್ನು ನೋಡಿ ಬೆಳೆದ ನನಗೆ ಇಲ್ಲಿಯ ಯಕ್ಷಗಾನ ಮುಖಕ್ಕೆ ಬಣ್ಣ ಬಳಿದುಕೊಂಡು ಮಾಡುವ ಕೋರ್ಟು ಕಚೇರಿಯಂತೆ ಕಂಡಿತು. ಬೇಸಿಗೆಯಲ್ಲಿ ಟೆಂಟ್ ಸಿನಿಮಾ ಬಂತು. ಮರಳಿನ ಮೇಲೆ ಕೂತು ನೋಡಬೇಕು, ರೀಲು ಕಡಿದರೆ ಎಲ್ಲರೂ ಒಟ್ಟಾಗಿ ಸಿಳ್ಳೆ ಹಾಕಬೇಕು, ಕಡಲಗಾಳಿಗೆ ಪರದೆ ಹೊಟ್ಟೆ ಉಬ್ಬಿಸಿದಾಗ ನಾಯಕಿಗೆ ದಿನ ತುಂಬಿದಂತೆ ಕಾಣಬೇಕು. ಜನ ಮಾತ್ರ ಮರುದಿನ ಹಾಡಿನ ಪುಸ್ತಕ ಹಿಡಿದು ಬಾವಿಕಟ್ಟೆಯಲ್ಲಿ ಒದರುತ್ತಿದ್ದರು. ಬಾಯಮ್ಮನ ಮಗ ಬೊಂಬಾಯಿಯಿಂದ ಒಂದು ರೇಡಿಯೊ ತಂದಿಟ್ಟು ಹೋಗಿದ್ದ. ಅದಕ್ಕೆ ಲೇಸು ಹೆಣೆದ ಬಟ್ಟೆ ಹೊದಿಸಿ ದೇವರ ಹಾಗೆ ಕೂರಿಸಿದ್ದಳು. ಸಂಜೆ ಸಿಲೋನಿನ ಹಿಂದಿ ಹಾಡು ಕೇಳಲು ಕೇರಿಯ ಅರ್ಧ ಜನ ಜಗಲಿಯಲ್ಲಿ ಸೇರುತ್ತಿದ್ದರು. ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚು. ಒಂದು ಶಬ್ದವೂ ಅರ್ಥವಾಗದವರು ತಲೆದೂಗುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ, ಹೊರಗೆ ಹೋಗಿ ಕೂರಲು ಮನಸ್ಸಾಗುತ್ತಿರಲಿಲ್ಲ.

ಅಷ್ಟರಲ್ಲಿ ನಮ್ಮ ಮನೆಯವರು ಶತ್ರುಪಕ್ಷ ಸೇರಿಯಾಗಿತ್ತು. ಕಚೇರಿಯ ಹತ್ತಿರದ ಹೋಟೆಲಿನಲ್ಲಿ ದಿನಾ ಗಂಜಿ ಕುಡಿಯುವುದು ನನಗೆ ಗೊತ್ತಾಯಿತು. ಎರಡನೆಯ ಮಳೆಗಾಲ ಶುರುವಾಗಿತ್ತು. ಧಾರವಾಡದ ನನ್ನ ಸೋದರಮಾವ ಯಾರ್ಯಾರದೋ ಕೈಕಾಲು ಹಿಡಿದು ವರ್ಗಾವಣೆಗೆ ದಾರಿ ಮಾಡಿಟ್ಟಿದ್ದ. ಇವರು ಅರ್ಜಿ ಹಾಕಿದರೆ ಸಾಕಿತ್ತು.

"ನಾ ಇಲ್ಲಿ ಇನ್ನ ಇರಂಗಿಲ್ಲ. ಅರ್ಜಿ ಹಾಕ್ತೀರೋ ಇಲ್ಲೋ?" ಎಂದು ಕೇಳಿದೆ.

"ಗಡಿಬಿಡಿ ಯಾಕ? ಮಳಿ ನಿಲ್ಲಲಿ, ನೋಡೂಣು" ಎಂದರು. ಗಂಜಿ ಕುಡಿದವರ ಮಾತು ಹೀಗೇ ತಣ್ಣಗಿರುತ್ತದೆ.

ಪಂಚಮಿಯ ನೆಪ ಮಾಡಿ ಒಬ್ಬಳೇ ತವರಿಗೆ ಹೊರಟುಬಿಟ್ಟೆ. ಇನ್ನು ಬಂದರೆ ಸಾಮಾನು ಕಟ್ಟಲು ಮಾತ್ರ ಎಂದು ಹೇಳಿಯೇ ಹೋದೆ. ಎಳ್ಳುಂಡಿ, ಶೇಂಗಾ ಉಂಡಿ, ಬಿಸಿ ರೊಟ್ಟಿ, ಎಣ್ಣೆಗಾಯಿ! ಹೊಟ್ಟೆ ಬಿರಿಯುವಂತೆ ತಿಂದೆ. ಕಾಪುವಿನವರನ್ನು ಅಣಕಿಸಿ ತೋರಿಸಿ ಮನೆಯವರನ್ನೆಲ್ಲ ನಗಿಸಿದೆ. ತಿಂಗಳು ಕಳೆದಿರಬೇಕು, ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಯಾರ್ಯಾರಿಗೆ ಎಷ್ಟು ರೊಟ್ಟಿ ಎಂದು ಎಣಿಸಿ ಹಿಟ್ಟು ಕಲಸಿ ಮುಗಿಸಿದ್ದಳು. ಒಲೆಯ ಮುಂದೆ ಕೂತ ನನ್ನನ್ನು ನೋಡಿ, "ಅಯ್ಯ, ನೀವೊಬ್ರು ಅದೀರೆಲ್ಲ, ಮರತೇಬಿಟ್ಟೆ" ಎಂದು ಮತ್ತೆ ಡಬ್ಬಿಗೆ ಕೈ ಹಾಕಿದಳು. ಅವಳದೇನೂ ತಪ್ಪಿರಲಿಲ್ಲ. ಆದರೂ ಆ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಸೆಪ್ಟೆಂಬರಿನಲ್ಲಿ, ಇವರಿಂದ ಅರ್ಜಿಗೆ ಸಹಿ ಹಾಕಿಸಿ ಸಾಮಾನು ಕಟ್ಟಿಸಿಕೊಂಡು ಬರುತ್ತೇನೆಂದು ಮಾವನಿಗೆ ಮಾತು ಕೊಟ್ಟು ಕಾಪುವಿಗೆ ಬಂದೆ. ಇವರು ಕಚೇರಿಗೆ ಹೋಗಿದ್ದರು. ಸೆರಗು ಸಿಕ್ಕಿಸಿ ಪಾತ್ರೆ ಇಳಿಸುತ್ತಿದ್ದೆ. ಬಾಯಮ್ಮ ಎಂದಿನಂತೆ ಹೊಸಿಲಾಚೆ ನಿಂತು ಒಂದು ಕಾಗದದ ಪೊಟ್ಟಣ ಚಾಚಿದಳು.

"ಇದು ನಿಮ್ಮದು. ನಮ್ಮ ತೆನೆಹಬ್ಬ ಆಯ್ತು. ನೀವು ಇರಲಿಲ್ಲ ಅಲ್ವಾ, ಹಾಗೆ ತೆಗೆದಿಟ್ಟೆ."

ಒಳಗೆ ಒಂದಿಷ್ಟು ಹೊಸ ಭತ್ತದ ಕಾಳುಗಳಿದ್ದವು. ಅವರ ದೇವಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಅಕ್ಕಿಯನ್ನು ಮನೆಯವರೆಲ್ಲ ಹಂಚಿಕೊಂಡ ಮೇಲೆಯೇ ಊಟ. ಆ ದಿನ ಮೀನು ಮಾಂಸವಿಲ್ಲ. ಇದೆಲ್ಲ ಆಕೆಯೇ ಹೇಳಿದಳು.

"ಮನಿ ಮಂದಿಗೆ ಕೊಡೂದಲ್ರಿ ಇದು?" ಎಂದೆ.

"ಹೌದು. ಊರಲ್ಲಿ ಇಲ್ಲದ ಮನೆಯವರಿಗೂ ಇಡಬೇಕು. ಬೊಂಬಾಯಿಗೆ ಮಗನಿಗೆ ಕಳಿಸಿದೆ. ನಿಮ್ಮ ವಿಳಾಸ ಗೊತ್ತಿರಲಿಲ್ಲ." ಪೊಟ್ಟಣದತ್ತ ಕೈ ತೋರಿಸಿ ಹೇಳಿದಳು, "ನಾವು ಪುಡಿ ಮಾಡಿ ಕಾಯಿಹಾಲಿಗೆ ಹಾಕಿ ಕುಡಿದೆವು. ನಿಮ್ಮದನ್ನು ಎಂತ ಸಹ ಮಾಡಲಿಲ್ಲ, ಹಸಿಯೇ ಉಂಟು. ಹೆದರಬೇಡಿ."

ಅಷ್ಟು ದಿನ ಆ ಊರಿನವರು ಏನಂದರೂ ತಿರುಗಿಸಿ ಎರಡು ಅಂದವಳು ನಾನು. ಆ "ಹೆದರಬೇಡಿ" ಕೇಳಿ ಮಾತ್ರ ನನಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು.

"ನೀವು ಹ್ಯಾಂಗ ಕುಡದ್ರಿ, ನನಗೂ ಹಂಗ ಮಾಡಿ ಕೊಡ್ರಿ" ಎಂದೆ.

"ನಮ್ಮ ಅಡುಗೆಮನೆಯಲ್ಲಾ?"

"ನಿಮ್ಮ ಅಡಿಗಿಮನ್ಯಾಗ."

ಬಾಯಮ್ಮ ಕಾಳು ಸುಲಿದು ಪುಡಿ ಮಾಡಿದಳು, ಕಾಯಿ ತುರಿದಳು, ಹಿಂಡಿದಳು, ಬೆಲ್ಲ ಹಾಕಿದಳು. ಪಕ್ಕದಲ್ಲಿ ಒಲೆಯ ಮೇಲೆ ಮಣ್ಣಿನ ಗಡಿಗೆಯಲ್ಲಿ ಮೀನಿನ ಸಾರು ಕುದಿಯುತ್ತಿತ್ತು. ಉಸಿರು ಬಿಗಿಹಿಡಿದು ಮಣೆಯ ಮೇಲೆ ಕೂತು ಕುಡಿದೆ.

"ಎಂತ, ರುಚಿ ಉಂಟಾ?"

"ಇಲ್ಲ."

"ಇದು ರುಚಿಗೆ ಅಲ್ಲ ಮಾರಾಯ್ರೆ" ಎಂದು ಆಕೆ ನಕ್ಕು ಲೋಟ ತೊಳೆದಿಟ್ಟಳು.

ಸಂಜೆ ಇವರು ಬಂದಾಗ ಪಾತ್ರೆಗಳು ಮತ್ತೆ ಅಟ್ಟಣಿಗೆಯ ಮೇಲಿದ್ದವು. ಅರ್ಜಿಯ ಕಾಗದವನ್ನು ನಾನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಮಾವ ನನ್ನ ಮೇಲೆ ವರ್ಷಗಟ್ಟಲೆ ಸಿಟ್ಟಾಗಿದ್ದ. ಧಾರವಾಡದವರೇ, ಇವಳಿಗೆ ಕಡಲೂರಿನ ಊಟ ಸೇರಿಬಿಟ್ಟಿತು ಎಂದು ಮಾತ್ರ ತಿಳಿಯಬೇಡಿ. ಬಸಳೆ ಇಂದಿಗೂ ಲೋಳೆಯೇ. ನನ್ನ ನಾಲಿಗೆ ಬೇಡುವುದೆಲ್ಲ ನಿಮ್ಮ ಊರಿನಲ್ಲಿದೆ. ನಾನು ಇಲ್ಲದಾಗಲೂ ನನ್ನ ಪಾಲು ತೆಗೆದಿಟ್ಟದ್ದು ಈ ಊರು. ಎರಡೂ ಒಂದೇ ಕಡೆ ಸಿಗಲಿಲ್ಲ.