ಡೋಲಿನ ಮನೆಯ ಎದುರಂಗಡಿಯವನು

ನನ್ನ ಅಣ್ಣ ಮುರೈನಾ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗುವ ಕಥೆಯಲ್ಲಿ ಎಜಿಮೊಫೊ ಒಬ್ಬ ಕಳ್ಳ. ಯೊರುಬಾದವರಾದ ನಮ್ಮ ಮನೆತನದ ವಿದ್ಯೆಯನ್ನು ಕದ್ದ ಇಗ್ಬೊ ಜನದ ಮೆಕ್ಯಾನಿಕ್ಕು. ಆ ಕಥೆ ಇಬಾದಾನಿನ ಓಜೆ ಕೇರಿಯಲ್ಲಿ ಈಗಲೂ ಓಡಾಡುತ್ತಿದೆ ಎಂದು ಮೊನ್ನೆ ಗೆಣಸಿನ ಅಂಗಡಿಯ ಮುಂದೆ ನಿಂತಿದ್ದಾಗ ಕಿವಿಗೆ ಬಿತ್ತು. ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವಳೇ ಇದನ್ನು ಬರೆಯಲು ಕೂತಿದ್ದೇನೆ. ನನ್ನ ಹೆಸರು ಸಾರಿಯು, ಡೋಲು ಬಾರಿಸುತ್ತಿದ್ದ ಅಯಾಂತೋಲಾನ ಮಗಳು. ನನಗೆ ಬಾರಿಸಲು ಬರುವುದಿಲ್ಲ, ಹೆಣ್ಣುಮಗಳ ಕೈಗೆ ಕೋಲು ಕೊಡುವ ಮನೆಯಲ್ಲ ನಮ್ಮದು. ಆದರೆ ಡೋಲು ಆಡುವ ಒಂದೊಂದು ಮಾತೂ ನನಗೆ ತಿಳಿಯುತ್ತದೆ.

ಹೆಸರಿನ ಮುಂದೆ ‘ಅಯಾನ್’ ಇದ್ದರೆ ಅವರು ಡೋಲಿನ ಮನೆಯವರು. ನಾವು ಐದು ಹೊತ್ತು ನಮಾಜು ಮಾಡುವವರಾದರೂ ಡೋಲಿನ ಮೊದಲ ಒಡೆಯನಾದ ಆ ಅಯಾನ್‌ನ ಹೆಸರನ್ನು ಬಿಟ್ಟವರಲ್ಲ. ಬಿಟ್ಟವನು ಮುರೈನಾ ಒಬ್ಬನೇ. ಮದುವೆ ಮನೆಗಳಲ್ಲಿ ಕೈಚಾಚುವವರ ಹೆಸರು ಅದು ಎಂದು ಅವನಿಗೆ ನಾಚಿಕೆ. ಅವನ ಟೈಲ್ಸ್ ಅಂಗಡಿಯ ಬೋರ್ಡಿನ ಮೇಲೆ ‘ಎಂ. ತೋಲಾ’ ಎಂದಷ್ಟೇ ಇದೆ. ಅಪ್ಪ ಆ ಬೋರ್ಡನ್ನು ಒಮ್ಮೆ ನೋಡಿ ಬಂದವರು, ಆಮೇಲೆ ಆ ರಸ್ತೆಯಲ್ಲಿ ಹೋಗಲಿಲ್ಲ.

ಅಪ್ಪನಿಗೊಂದು ಕೆಟ್ಟ ಚಾಳಿಯಿತ್ತು. ಬೆಳಗ್ಗೆ ಗಂಜಿ ಕುಡಿದು ಬಾಗಿಲಿಗೆ ಬಂದು ಕೂತು, ದೊಡ್ಡ ಡೋಲನ್ನು ಬಗಲಿಗೆ ಸಿಕ್ಕಿಸಿಕೊಂಡು, ಹಗ್ಗ ಅಮುಕಿ ದನಿ ಏರಿಸಿ, ಸಡಿಲಿಸಿ ಇಳಿಸಿ, ದಾರಿಹೋಕರನ್ನೆಲ್ಲ ಬೈಯುವುದು. ನಮ್ಮ ಭಾಷೆಯೇ ಏರಿಳಿತದ್ದು, ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು, ಕಿವಿಯಿದ್ದವನಿಗೆ ಡೋಲು ಮಾತೇ ಆಡುತ್ತದೆ. ಎದುರುಗಡೆ ರೇಡಿಯೇಟರ್ ರಿಪೇರಿ ಅಂಗಡಿ ಇಟ್ಟ ಎಜಿಮೊಫೊಗೆ ಆಗ ಇಪ್ಪತ್ತನಾಲ್ಕು. ಹುಟ್ಟಿದ್ದು ಇಬಾದಾನಿನಲ್ಲೇ. ಅವನಪ್ಪ ಇಗ್ಬೊ ಸೀಮೆಯ ನ್ಸುಕ್ಕಾ ಕಡೆಯ ಹಳ್ಳಿಯಿಂದ ಬಂದು ಇಲ್ಲಿ ಮೋಟಾರ್ ಬಿಡಿಭಾಗ ಮಾರುತ್ತಿದ್ದ. ಅಪ್ಪನಿಗೆ ಹೊಸ ಗಿರಾಕಿ ಸಿಕ್ಕಂತಾಯಿತು. ಇಗ್ಬೊಗಳನ್ನು ನಮ್ಮವರು ‘ಈಬೊ’ ಎನ್ನುವುದು. ಡೋಲಿನದು ದಿನಾ ಒಂದೇ ಪಲ್ಲವಿ: “ಸೂರ್ಯ ನೆತ್ತಿಗೆ ಬಂದ, ಈಬೊ ಹುಡುಗ ಈಗ ಎದ್ದ.”

ಹದಿನೈದು ದಿನ ಅವನು ತಲೆತಗ್ಗಿಸಿ ಶಟರ್ ಎತ್ತುತ್ತಿದ್ದ. ಹದಿನಾರನೆಯ ದಿನ ಒಂದು ಲಾರಿ ರಿಮ್ಮನ್ನು ಗೋಡೆಗೆ ಒರಗಿಸಿ ಸ್ಪ್ಯಾನರ್ ಎತ್ತಿಕೊಂಡ. ಅಂಚಿಗೆ ಹೊಡೆದರೆ ಒಂದು ದನಿ, ನಡುವಿಗೆ ಹೊಡೆದರೆ ಇನ್ನೊಂದು. ರಸ್ತೆಯಾಚೆಯಿಂದ ಅಚ್ಚ ಯೊರುಬಾದಲ್ಲಿ ಉತ್ತರ ಬಂತು: “ಮುದುಕಾ, ನಿನ್ನ ಹಗ್ಗ ಸಡಿಲ.”

ಅಪ್ಪ ನಕ್ಕ ನಗೆಗೆ ಟೋಪಿ ಬಿದ್ದುಹೋಯಿತು. “ಏಯ್, ಬಾರೋ ಇಲ್ಲಿ! ಯಾರೋ ನಿಂಗೆ ಕಲಿಸಿದ್ದು?”

“ಯಾರೂ ಇಲ್ಲ ಬಾಬಾ. ದಿನಾ ಬೈತೀರಲ್ಲ, ಕೇಳಿ ಕೇಳಿ ಬಂತು.”

“ನಿಮ್ಮೋರಿಗೂ ಮಾತಾಡೋ ಡೋಲಿದ್ಯಾ?”

“ಟೊಳ್ಳು ಮರದ್ದಿದೆ. ನಮ್ಮಪ್ಪ ಬಾರಿಸ್ತಿದ್ರು. ಅದು ಸಾವಿನ ಸುದ್ದಿ ಹೇಳುತ್ತೆ, ಕುಸ್ತಿ ಸುದ್ದಿ ಹೇಳುತ್ತೆ.”

“ನಂದು ಬರೀ ಬೈಗುಳ ಕಣಪ್ಪ. ಬಾ, ಕೂತ್ಕೊ.”

ಇಗ್ಬೊ ಗಂಡಸರು ಯಾರ ಮುಂದೆಯೂ ಅಡ್ಡಬೀಳುವ ಜನ ಅಲ್ಲ. ಇವನು ಎಣ್ಣೆ ಮೆತ್ತಿದ ಅಂಗಿಯಲ್ಲೇ ನಮ್ಮ ಹೊಸ್ತಿಲಿಗೆ ಎದೆ ತಾಗಿಸಿ ಬಿದ್ದ, ನಮ್ಮ ಗಂಡುಮಕ್ಕಳು ಹಿರಿಯರ ಮುಂದೆ ಬೀಳುವ ಹಾಗೆ. ಅದನ್ನು ಅವನ ಚಿಕ್ಕಪ್ಪ ಒಬ್ಬ ರಸ್ತೆಯಿಂದ ನೋಡಿ ಊರಿಗೆಲ್ಲ ಸಾರಿದನಂತೆ.

ಹನ್ನೆರಡು ವರ್ಷ ಕಲಿತ. ಅಂಗಡಿ ಮುಚ್ಚಿ ಸಂಜೆ ಬರುತ್ತಿದ್ದ, ನಾವು ಮಾಡಿದ ಅಮಾಲಾ ಮುದ್ದೆ ತಿನ್ನುತ್ತಿದ್ದ, ಅಪ್ಪನ ಬೈಗುಳ ತಿನ್ನುತ್ತಿದ್ದ. ಇಡೀ ಓಜೆಯ ಮನೆಮನೆಯ ಒರಿಕಿ, ಅಂದರೆ ವಂಶದ ಹೊಗಳಿಕೆ, ಅವನ ಬೆರಳ ತುದಿಯಲ್ಲಿತ್ತು. ಅಪ್ಪ ಕೋಲಾ ಕಾಯಿ, ಜೇನು ಇಟ್ಟು ಅವನಿಗೆ ‘ಅಯಾಂಬುನ್ಮಿ’ ಎಂದು ಹೆಸರಿಟ್ಟರು, ‘ಅಯಾನ್ ನನಗೆ ಕೊಟ್ಟವನು’ ಎಂದು ಅದರ ಅರ್ಥ. ಮುರೈನಾ ಆ ದಿನವೂ ಅಂಗಡಿ ಬಿಟ್ಟು ಬರಲಿಲ್ಲ.

ಕದ್ದ ಅನ್ನುತ್ತಾನಲ್ಲ ನಮ್ಮಣ್ಣ, ಅವನಿಗೆ ಇದನ್ನು ಯಾರಾದರೂ ಓದಿ ಹೇಳಿ. ಮದುವೆಗಳಲ್ಲಿ ಜನ ಎದ್ದು ಕುಣಿಯುತ್ತಿದ್ದ ‘ಅಯಾಂತೋಲಾನ ತಿರುವು’ ಇದೆಯಲ್ಲ, ಮುರೈನಾ ಎದೆಯುಬ್ಬಿಸಿ ‘ನಮ್ಮ ಮುತ್ತಜ್ಜನ ಕಾಲದ್ದು’ ಎನ್ನುವ ತಿರುವು, ಅದು ಇಗ್ಬೊಗಳ ಜೋಡಿ ಕಬ್ಬಿಣದ ಗಂಟೆಯ ಪೆಟ್ಟು. ಎಜಿಮೊಫೊನ ತಾಯಿ ಒಮ್ಮೆ ನಮ್ಮ ಅಂಗಳದಲ್ಲಿ ಅವರೂರಿನ ಹೊಸ ಗೆಣಸಿನ ಹಬ್ಬದ ಹಾಡು ಹೇಳುತ್ತ ಎರಡು ಚಮಚದಲ್ಲಿ ತಟ್ಟೆ ಬಾರಿಸಿದಳು. ಅಪ್ಪ ಊಟದ ಕೈಯಲ್ಲೇ ಎದ್ದು ಡೋಲು ತಂದರು. ಮೂರು ದಿನ ಅದೇ ಗುಂಗು. ನಾಚಿಕೆಪಡಲಿಲ್ಲ, ಮುಚ್ಚಿಡಲೂ ಇಲ್ಲ. “ನಿನ್ನಮ್ಮನ ಹತ್ರ ತಗೊಂಡೆ ಕಣೋ,” ಎಂದು ಎಲ್ಲರೆದುರೇ ಹೇಳಿದರು. ತಗೊಂಡೆ ಎಂದು ಹೇಳುವವನು ಕಳ್ಳನಲ್ಲ. ನಮ್ಮದೇ ಎಂದು ಬೊಗಳುವವನು ಕಳ್ಳ.

ನಮ್ಮವರನ್ನಷ್ಟೇ ಬೈದರೆ ಅನ್ಯಾಯವಾದೀತು, ಅವನ ಕಡೆಯವರೂ ಕಡಿಮೆಯಿಲ್ಲ. ಎಜಿಮೊಫೊನ ಅಪ್ಪ ತೀರಿಕೊಂಡಾಗ ಹಳ್ಳಿಗೆ ನಾವೂ ಹೋಗಿದ್ದೆವು. ಮಗ ತನ್ನಪ್ಪನಿಗಾಗಿ ಡೋಲು ಹೆಗಲಿಗೇರಿಸಿಕೊಂಡು ಅಂಗಳಕ್ಕೆ ಇಳಿದನೋ ಇಲ್ಲವೋ, ಅದೇ ಚಿಕ್ಕಪ್ಪ ಅಡ್ಡ ನಿಂತ. ಯೊರುಬಾದವರನ್ನು ಅವರ ಕಡೆ ‘ಎಣ್ಣೆ ಸಾರಿನವರು’ ಎಂದು ಹಂಗಿಸುತ್ತಾರೆ.

“ಏನೋ ಇದು? ಎಣ್ಣೆ ಸಾರಿನೋರ ಡೋಲು! ನಮ್ಮಣ್ಣ ಎಣ್ಣೆ ಸಾರಿನೋನಾಗಿ ಸತ್ನಾ?”

“ಚಿಕ್ಕಪ್ಪ, ಅಪ್ಪನಿಗೆ ಇದು ಇಷ್ಟ ಇತ್ತು.”

“ಅವರ ಕಾಲಿಗೆ ಬಿದ್ದೋನು ನೀನು. ಅಲ್ಲೇ ಹೋಗಿ ಬಾರಿಸ್ಕೊ. ಇಲ್ಲಿ ಹೆಣ ಎದ್ದು ಓಡಿಹೋದಾತು.”

ಜನ ನಕ್ಕರು. ಹೆಣದ ಮುಂದೆ ನಕ್ಕರು! ನಮ್ಮಪ್ಪ ಎದ್ದು ಜಗಳಕ್ಕೆ ಹೋಗದಂತೆ ನಾನು ಅವರ ತೋಳು ಹಿಡಿದು ಕೂತಿದ್ದೆ. ಎಜಿಮೊಫೊ ಡೋಲನ್ನು ಕಾರಿನ ಹಿಂಬದಿಗೆ ಇಟ್ಟು, ಬಟ್ಟೆ ಹೊದಿಸಿ, ಬಂದು ಮಣ್ಣು ಹಾಕಿದ. ವಾಪಸು ಬರುವಾಗ ದಾರಿಯುದ್ದಕ್ಕೂ ಅಪ್ಪ ಒಂದೇ ಮಾತು ಆಡಿದ್ದು: “ನಾನು ಸತ್ತ ನಲವತ್ತನೇ ದಿನಕ್ಕೆ ನೀನೇ ಬಾರಿಸ್ಬೇಕು. ನಮ್ಮ ಬಾಗಿಲಲ್ಲಿ, ನಮ್ಮ ಒರಿಕಿ, ಮೊದಲಿಂದ ಕೊನೆಗಂಟ. ಮಾತು ಕೊಡು.” ಅವನು ಕೊಟ್ಟ. ಜೀವಮಾನವಿಡೀ ಬೇರೆಯವರ ಅಪ್ಪ, ಅಜ್ಜ, ಮುತ್ತಜ್ಜರ ಹೆಸರು ಕೂಗಿದ ಮನುಷ್ಯ ತನ್ನ ಹೆಸರು ಕೂಗುವವರಿಲ್ಲದೆ ಹೋದರೆ ಎಂದು ಹೆದರಿದ್ದರು.

ಕೊನೆಯ ಐದು ವರ್ಷ ಅಪ್ಪನ ಬೆರಳು ಮಡಚುತ್ತಿರಲಿಲ್ಲ. ಹಾಸಿಗೆ ಹಿಡಿದ ಮೇಲೆ ಎಜಿಮೊಫೊ ದಿನಾ ಬೆಳಗ್ಗೆ ಬಂದು ಬಾಗಿಲಲ್ಲಿ ಕೂತು ಬಾರಿಸಿ ಅಂಗಡಿ ತೆರೆಯುತ್ತಿದ್ದ. ಅವನು ಊರಲ್ಲಿಲ್ಲದ ದಿನಕ್ಕೆ ಇರಲಿ ಎಂದು ನಾನು ಅದನ್ನು ಅಪ್ಪನ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟೆ. ಮೊದಲು ನಮ್ಮ ವಂಶದ ಒರಿಕಿ, ಆಮೇಲೆ ಆ ದಿನದ ಹರಟೆ. ಅಪ್ಪ ಅದನ್ನು ಕಿವಿಗಿಟ್ಟುಕೊಂಡು ಮಲಗುತ್ತಿದ್ದರು. ಮುರೈನಾ ಹಬ್ಬಕ್ಕೊಮ್ಮೆ ಬಂದು ಹಣ್ಣಿನ ಜ್ಯೂಸಿನ ಪೆಟ್ಟಿಗೆ ಇಟ್ಟು ಹೋಗುತ್ತಿದ್ದ. ಅಪ್ಪನಿಗೆ ಸಕ್ಕರೆ ಕಾಯಿಲೆ ಎನ್ನುವುದೂ ಅವನಿಗೆ ನೆನಪಿರುತ್ತಿರಲಿಲ್ಲ.

ಅಪ್ಪ ಹೋದರು. ನಲವತ್ತನೆಯ ದಿನದ ಊಟಕ್ಕೆ ಮುರೈನಾ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿಸಿದ. ಹಿಂದಿನ ದಿನ ಎಜಿಮೊಫೊ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಿಗೆ ಬಂದ.

“ಅಣ್ಣ, ನಾಳೆ ನಾನು ಎಷ್ಟೊತ್ತಿಗೆ ಬರ್ಲಿ?”

“ಊಟಕ್ಕಾ? ಎರಡು ಗಂಟೆಗೆ ಬಾ.”

“ಬಾರಿಸೋಕೆ. ಬಾಬಾಗೆ ಮಾತು ಕೊಟ್ಟಿದ್ದೆ.”

ಮುರೈನಾ ನಕ್ಕ. “ನೋಡು, ಬೇಜಾರು ಮಾಡ್ಕೋಬೇಡ. ದೊಡ್ಡ ದೊಡ್ಡ ಜನ ಬರ್ತಾರೆ. ಅಯಾನ್ ಮನೇಲಿ ಒಬ್ಬ ಈಬೊ ಡೋಲು ಬಾರಿಸ್ದ ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ರಕ್ತ ಅಂತ ಒಂದಿರುತ್ತಲ್ಲಪ್ಪ.”

ಬೋರ್ಡಿನಿಂದ ಅಯಾನ್ ಅಳಿಸಿದವನ ಬಾಯಲ್ಲಿ ರಕ್ತದ ಮಾತು! ನಾನು ಹೊಸ್ತಿಲಲ್ಲೇ ಇದ್ದೆ. “ನಿನಗೆ ಬರುತ್ತಾ ಹಾಗಾದ್ರೆ? ಬಾರಿಸು ನೋಡೋಣ. ಅಪ್ಪನ ಅಜ್ಜನ ಹೆಸರಾದ್ರೂ ಗೊತ್ತಾ ನಿಂಗೆ?” ಎಂದು ಕೂಗಿದೆ.

“ಸಾರಿಯು, ಒಳಗ್ಹೋಗು. ಕೀಬೋರ್ಡ್ ಪಾರ್ಟಿ ಕರೆಸಿದ್ದೀನಿ.”

ಎಜಿಮೊಫೊ ಅಡ್ಡಬಿದ್ದು ಎದ್ದು ಹೋದ. ಅಂಥವನಿಗೆ ಯಾಕೆ ಬೀಳಬೇಕಿತ್ತು?

ಮರುದಿನ ಕುರಾನ್ ಓದುವವರು ದುವಾ ಮುಗಿಸಿ ಊಟ ಮಾಡಿ ಹೋದ ಮೇಲೆ ಕೀಬೋರ್ಡಿನ ಹುಡುಗರು ಶುರು ಮಾಡಿದರು. ಎಲ್ಲ ಮದುವೆಯಲ್ಲೂ ಬಾರಿಸುವ ಅದೇ ನಾಲ್ಕು ಹಾಡು. ಓಜೆಯ ಮುದುಕ ಮುದುಕಿಯರು, ಪಕ್ಕದ ಮನೆತನಗಳ ಡೋಲಿನವರು, ಕೈಕಟ್ಟಿ ಕೂತಿದ್ದರು. ಬೇರು ನಾರು ಮಾರುವ ಅಜ್ಜಿ ಕೇಳಿಯೇಬಿಟ್ಟಳು: “ಏನಪ್ಪಾ ಮುರೈನಾ, ಅಯಾಂತೋಲಾನಿಗೆ ಒರಿಕಿ ಇಲ್ವಾ? ದಿಕ್ಕಿಲ್ಲದೋನಾ ಅವನು?”

ಮುರೈನಾ ಬೆವರಿದ. ಒಳಗೆ ಓಡಿ ಬಂದ. “ಸಾರಿಯು, ಅಪ್ಪ ಬಾರಿಸಿದ್ದು ಎಲ್ಲಾದ್ರೂ ರೆಕಾರ್ಡ್ ಇದ್ಯೇನೆ?”

ನನ್ನ ಮನಸ್ಸಿನಲ್ಲಿ ಏನಿತ್ತೆಂದು ಮುಚ್ಚಿಡುವುದಿಲ್ಲ. ದೇವರಿಗೆ ಗೊತ್ತು, ನಿಮಗೂ ಗೊತ್ತಿರಲಿ. “ಇದು ಅಪ್ಪನ ಫೋನು. ಸಾಯೋವರೆಗೂ ಅವರು ಇದನ್ನೇ ಕೇಳ್ತಿದ್ರು,” ಎಂದು ಕೊಟ್ಟೆ. ಒಂದಕ್ಷರ ಸುಳ್ಳಿಲ್ಲ. “ಕೊನೆಗಂಟ ಬಿಡು, ಮಧ್ಯೆ ನಿಲ್ಲಿಸ್ಬೇಡ.”

ಸ್ಪೀಕರಿನಿಂದ ಡೋಲು ಎದ್ದಿತು. ನಮ್ಮ ಮುತ್ತಜ್ಜನ ಅಪ್ಪನಿಂದ ಹಿಡಿದು ಒಬ್ಬೊಬ್ಬರನ್ನೇ ಕೂಗಿ ಕರೆಯಿತು. ಯುದ್ಧದಲ್ಲಿ ಡೋಲು ಬಿಡದೆ ಸತ್ತವನನ್ನು ಕರೆಯಿತು, ಮೂವರು ಅರಸರನ್ನು ನಗಿಸಿದವನನ್ನು ಕರೆಯಿತು, ದಾರಿಹೋಕರನ್ನು ಬೈಯುತ್ತ ಕೂರುವ ಅಯಾಂತೋಲಾನನ್ನು ಕರೆಯಿತು. ಮುದುಕರು ಟೋಪಿ ತೆಗೆದು ಅತ್ತರು. ಆ ಗಂಟೆಯ ತಿರುವು ಬಂದಾಗ ಮುರೈನಾ ನಡುಮಧ್ಯಕ್ಕೆ ಬಂದು ತೋಳು ಚಾಚಿ ಕುಣಿಯತೊಡಗಿದ. ದೊಡ್ಡ ಮನುಷ್ಯರು ಎದ್ದುಬಂದು ಅವನ ಹಣೆಗೆ ನೈರಾ ನೋಟು ಅಂಟಿಸಿದರು.

ಒರಿಕಿ ಮುಗಿಯಿತು. ಡೋಲು ನಿಲ್ಲಲಿಲ್ಲ. ಅದು ಹರಟೆಗೆ ಇಳಿಯಿತು: “ಏಳು ಬಾಬಾ, ಗಂಜಿ ಆರುತ್ತಿದೆ. ಬಾರಿಸುತ್ತಿರುವವನು ನಾನು, ಎಜಿಮೊಫೊ, ಬಿಡಿಭಾಗ ಮಾರುವವನ ಮಗ. ಟೈಲ್ಸ್ ಅಂಗಡಿಯ ಮುರೈನಾ ಈ ವಾರವೂ ಬರಲಿಲ್ಲ. ಅಳಬೇಡ. ನಾನಿದ್ದೇನೆ. ಏಳು ಬಾಬಾ.”

ಮುರೈನಾ ಕುಣಿಯುತ್ತಲೇ ಇದ್ದ. ‘ಈ ವಾರವೂ ಬರಲಿಲ್ಲ’ ಎನ್ನುವ ಏರಿಳಿತಕ್ಕೆ ಸರಿಯಾಗಿ ಸೊಂಟ ತಿರುಗಿಸಿದ. ಡೋಲು ಅದನ್ನೇ ಮತ್ತೆ ಹೇಳಿತು, ಅವನು ಮತ್ತೆ ತಿರುಗಿಸಿದ. ಬೇರು ನಾರಿನ ಅಜ್ಜಿ ಒಮ್ಮೆ ನಕ್ಕಳು, ಆಮೇಲೆ ನೆಲಕ್ಕೆ ಉಗಿದಳು. ಮುದುಕರು ಒಬ್ಬೊಬ್ಬರಾಗಿ ತಲೆ ತಿರುಗಿಸಿ ರಸ್ತೆಯಾಚೆ ನೋಡಿದರು. ಅಲ್ಲಿ ಅರ್ಧ ಎತ್ತಿದ ಶಟರಿನ ಕೆಳಗೆ ಅವನು ಬಿಳಿ ಅಂಗಿಯಲ್ಲಿ ನಿಂತಿದ್ದ. ಮುಖ ಕಪ್ಪಿಟ್ಟಿತ್ತು. ಇದು ಹೀಗೆ ಊರ ಮುಂದೆ ಬರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ನಾನು ಹೇಳಿರಲೂ ಇಲ್ಲ.

ಫೋನು ಸುಮ್ಮನಾಯಿತು. ಅವನು ಬಗ್ಗಿ ಒಂದು ರಿಮ್ಮನ್ನು ಉರುಳಿಸಿ ತಂದು ಗೋಡೆಗೆ ಒರಗಿಸಿದ. ಸ್ಪ್ಯಾನರ್ ಎತ್ತಿಕೊಂಡ. ಅವನ ಅಂಗಡಿ, ಅವನ ಕಬ್ಬಿಣ. ಯಾರು ಬೇಡ ಎನ್ನುತ್ತಾರೆ? ಅಂಚಿಗೂ ನಡುವಿಗೂ ಹೊಡೆಯುತ್ತ ನಮ್ಮ ಒರಿಕಿಯನ್ನು ಮತ್ತೆ ಮೊದಲಿನಿಂದ ಎತ್ತಿದ. ಒಂದು ಹೆಸರೂ ತಪ್ಪಲಿಲ್ಲ. ಡೋಲಿನ ಮನೆಗಳವರು ಎದ್ದರು, ಅಜ್ಜಿ ಎದ್ದಳು, ತಟ್ಟೆ ಬಿಟ್ಟು ಹೆಂಗಸರು ಎದ್ದರು. ಎಲ್ಲರೂ ರಸ್ತೆ ದಾಟಿ ಆ ಎಣ್ಣೆ ಮಣ್ಣಿನಲ್ಲಿ ನಿಂತರು. ಅವನಿಗಿಂತ ವಯಸ್ಸಿನಲ್ಲಿ ಹಿರಿಯಳಾದ ನಾನು, ಅಪ್ಪನ ಹಿರಿಮಗನ ಮುಂದೆ ಮಂಡಿಯೂರುವ ಹಾಗೆ ಅವನ ಮುಂದೆ ಮಂಡಿಯೂರಿದೆ.

ಶಾಮಿಯಾನದಲ್ಲಿ ಖಾಲಿ ಕುರ್ಚಿಗಳ ನಡುವೆ ಮುರೈನಾ, ಹಣೆಯಲ್ಲಿ ನೋಟು ಅಂಟಿಕೊಂಡೇ, ಕೂಗುತ್ತಿದ್ದ: “ಏನಾಯ್ತು? ಏಯ್, ಯಾಕೆ ಎದ್ರಿ? ಏನಂತು ಅದು? ಸಾರಿಯು, ಡೋಲು ಏನಂತು?”

ಯಾರೂ ಹೇಳಲಿಲ್ಲ. ಅದಾದ ಮೇಲೂ ಅವನು ನನ್ನನ್ನು ಮೂರು ಸಲ ಕೇಳಿದ್ದಾನೆ. ಮೂರು ಸಲವೂ ನಾನು ಒಂದೇ ಉತ್ತರ ಕೊಟ್ಟಿದ್ದೇನೆ.

“ಅಯಾನ್ ರಕ್ತ ಅಲ್ವಾ ನಿಂದು? ನೀನೇ ಕೇಳಿಸ್ಕೋ.”